ನನ್ನ ಬಾಯಿ, ನನ್ನ ಪಥ್ಯ

ತೀರ್ಥಹಳ್ಳಿ ಸೀಮೆಯ ನನ್ನ ತವರಿನಲ್ಲಿ ಹುಳಿಯಿಲ್ಲದ ಊಟ ಊಟವೇ ಆಗಿರಲಿಲ್ಲ. ಬೇಸಿಗೆಯಲ್ಲಿ ಮಾವಿನಕಾಯಿಯ ಅಪ್ಪೆಹುಳಿ, ಮಳೆಗಾಲದಲ್ಲಿ ಒಣಗಿಸಿಟ್ಟ ವಾಟೆಹುಳಿ, ವರ್ಷವಿಡೀ ಜಾಡಿಯಲ್ಲಿ ಮಿಡಿ ಉಪ್ಪಿನಕಾಯಿ. ಮದುವೆಯಾಗಿ ಭದ್ರಾವತಿಯ ನ್ಯೂಟೌನಿಗೆ ಬಂದ ಮೇಲೆ ಖಾರವೂ ಜೊತೆಗೂಡಿತು. 1923ರಲ್ಲಿ ಉತ್ಪಾದನೆ ಶುರು ಮಾಡಿದ ಕಬ್ಬಿಣದ ಕಾರ್ಖಾನೆ ಎಲ್ಲೆಲ್ಲಿಯ ಜನರನ್ನೋ ಈ ಊರಿಗೆ ಕರೆತಂದಿತ್ತು. ನಮ್ಮ ಕ್ವಾರ್ಟರ್ಸ್ ಸಾಲಿನಲ್ಲಿ ಗದಗಿನವರಿದ್ದರು, ತಮಿಳರಿದ್ದರು, ಕರ್ನೂಲು ಕಡೆಯ ತೆಲುಗರಿದ್ದರು. ಕಾಂಪೌಂಡಿನ ಮೇಲೆ ಬಟ್ಟಲುಗಳು ಓಡಾಡುತ್ತಲೇ ಇರುತ್ತಿದ್ದವು. ಒಂದರಲ್ಲಿ ಕೆಂಪು ಮೆಣಸಿನಕಾಯಿ ಚಟ್ನಿ, ಇನ್ನೊಂದರಲ್ಲಿ ಗೋಂಗುರ, ಮತ್ತೊಂದರಲ್ಲಿ ಹುಣಸೆಹಣ್ಣು ಗಟ್ಟಿಯಾಗಿ ಬಿದ್ದ ಕೊಳಂಬು. ಯಾವುದನ್ನೂ ನಾನು ಬೇಡವೆಂದವಳಲ್ಲ.

ಹಾಗಿದ್ದ ನನಗೆ ನಲವತ್ತು ದಾಟಿದ ಮೇಲೆ ಒಂದು ಮಳೆಗಾಲದಲ್ಲಿ ಬೆಳಗಿನ ಕಾಫಿಯೇ ಕುಡಿಯಲಾಗದಂತಾಯಿತು. ಮೊದಲು ಹಲ್ಲುಜ್ಜುವಾಗ ಪೇಸ್ಟ್ ಉರಿಯಿತು. ಆಮೇಲೆ ಸಾರು ಉರಿಯಿತು. ಕೆನ್ನೆಯ ಒಳಭಾಗಕ್ಕೆ ನಾಲಗೆ ತಾಗಿಸಿದರೆ ಎರಡೂ ಕಡೆ ಒರಟೊರಟು. ಒಸಡು ಕೆಂಪಗಾಗಿ, ಉಜ್ಜಿದರೆ ಸಿಪ್ಪೆ ಎದ್ದಹಾಗೆ ತೆಳ್ಳಗಿನ ಪೊರೆ ಬ್ರಷ್ಷಿಗೆ ಬರುತ್ತಿತ್ತು. ನಾನು ಆಗ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಬಾಯಿ ಒಣಗಿ, ಮಗ್ಗಿ ಹೇಳಿಸುವುದಕ್ಕೂ ನಡುವೆ ನಾಲ್ಕು ಸಲ ನೀರು ಕುಡಿಯಬೇಕಾಗುತ್ತಿತ್ತು.

ಅಕ್ಕಪಕ್ಕದವರೆಲ್ಲ ಒಂದೇ ಮಾತು ಹೇಳಿದರು: ಉಷ್ಣ. ಗದಗಿನ ಅಕ್ಕ, “ಟೀಚರ್ರೀ, ಹೀಟ್ ಆಗೇತ್ರಿ, ಮುಂಜಾನೆ ಎದ್ದಕೂಡ್ಲೆ ಎಳ್ಳೆಣ್ಣಿ ಬಾಯಾಗ ಇಟ್ಕೊಂಡು ಮುಕ್ಕಳಸ್ರಿ” ಅಂದರು. ನಮ್ಮತ್ತೆ ಪ್ರತಿ ರಾತ್ರಿ ಬೆರಳಲ್ಲಿ ತುಪ್ಪ ತೆಗೆದು ಕೈಗಿಡುತ್ತಿದ್ದರು. ತವರಿನಿಂದ ಅಮ್ಮ ಸೀಬೆ ಚಿಗುರು, ಮಲ್ಲಿಗೆ ಎಲೆ ಅಗಿಯಲು ಹೇಳಿ ಕಳಿಸಿದಳು. ಕೊತ್ತಂಬರಿ ಬೀಜದ ನೀರು, ಜೀರಿಗೆ ಕಷಾಯ, ಬಸಳೆ ಸೊಪ್ಪಿನ ಹುಳಿಯಿಲ್ಲದ ಪಲ್ಯ, ಮೆಡಿಕಲ್ ಶಾಪಿನ ಬೋರಾಕ್ಸ್ ಗ್ಲಿಸರಿನ್, ಎಲ್ಲ ನಡೆಯಿತು. ಇವುಗಳಲ್ಲಿ ತುಪ್ಪ ಸ್ವಲ್ಪ ಹೊತ್ತು ಹಿತ ಕೊಡುತ್ತಿತ್ತು, ಅದು ಸುಳ್ಳಲ್ಲ. ಹುಣ್ಣಿನ ಮೇಲೆ ಜಿಡ್ಡು ನಿಂತರೆ ಊಟ ತಾಗುವುದಿಲ್ಲ. ಕ್ಲಿನಿಕ್ಕೊಂದರಲ್ಲಿ ಬಿ ಕಾಂಪ್ಲೆಕ್ಸ್ ಮಾತ್ರೆ ಕೊಟ್ಟರು. ಇನ್ನೊಂದರಲ್ಲಿ ಬಾಯಿ ತೆರೆಸಿಯೂ ನೋಡದೆ ಆಂಟಿಬಯೋಟಿಕ್ ಬರೆದರು. ಹೊಸ ಮಾತ್ರೆ ಶುರುವಾದಾಗ ನಾಲ್ಕು ದಿನ ಕಡಿಮೆಯಾದಂತೆ ಅನಿಸುವುದು, ಮತ್ತೆ ಮೊದಲಿನಂತೆ. ಈ ಕಾಯಿಲೆಯೇ ಹಾಗೆ, ತಾನಾಗಿ ಏರುತ್ತದೆ, ತಾನಾಗಿ ಇಳಿಯುತ್ತದೆ. ಇಳಿದ ಹೊತ್ತಿಗೆ ಯಾವ ಔಷಧಿ ಕೈಯಲ್ಲಿರುತ್ತದೋ ಅದಕ್ಕೆ ಹೆಸರು ಬರುತ್ತದೆ. ಇದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು.

ಕೊನೆಗೆ ಒಸಡಿನ ರಕ್ತ ನಿಲ್ಲದೆ, ಹಲ್ಲು ಕ್ಲೀನ್ ಮಾಡಿಸಿಕೊಂಡು ಬರೋಣವೆಂದು ಶಿವಮೊಗ್ಗದ ಬಸ್ಸು ಹತ್ತಿದೆ. ಅಲ್ಕೊಳದ ಶರಾವತಿ ದಂತ ವೈದ್ಯಕೀಯ ಕಾಲೇಜಿನಲ್ಲಿ ಚೀಟಿ ಮಾಡಿಸಿ ಕುಳಿತೆ. ಕನ್ನಡಿ ಹಿಡಿದು ನೋಡಿದ ವಿದ್ಯಾರ್ಥಿನಿ ಕೆಲಸ ಶುರು ಮಾಡಲಿಲ್ಲ. “ಅಮ್ಮಾ, ಒಂದ್ನಿಮಿಷ, ನಮ್ಮ ಮೇಡಂ ಕರೀತೀನಿ” ಎಂದು ಎದ್ದುಹೋದಳು. ಬಂದ ವೈದ್ಯೆ ಎರಡೂ ಕೆನ್ನೆಯನ್ನು ಹೊರಳಿಸಿ, ನಾಲಗೆಯ ಅಂಚು, ಒಸಡು, ಅಂಗುಳು, ಎಲ್ಲವನ್ನೂ ನಿಧಾನವಾಗಿ ನೋಡಿದರು. ಆಮೇಲೆ ನನ್ನ ಕೈಗೇ ಕನ್ನಡಿ ಕೊಟ್ಟು, ದೀಪ ಹಿಡಿದು ತೋರಿಸಿದರು. ಕೆನ್ನೆಯ ಒಳಗೆ ಬಿಳಿ ಗೆರೆಗಳು ಒಂದಕ್ಕೊಂದು ಹೆಣೆದುಕೊಂಡು, ಜೇಡರ ಬಲೆ ಅಂಟಿಸಿದ ಹಾಗೆ ಹರಡಿದ್ದವು. ನಡುನಡುವೆ ಕೆಂಪು ಹಸಿ ಗಾಯ. ಅಷ್ಟು ಕಾಲ ಉರಿಯನ್ನು ಅನುಭವಿಸಿದ್ದೆ, ಅದರ ಮುಖ ನೋಡಿದ್ದು ಅವತ್ತೇ.

ಪ್ರಶ್ನೆಗಳೂ ಅವತ್ತೇ ಮೊದಲ ಸಲ ಸರಿಯಾಗಿ ಬಂದವು. ಎಲೆ ಅಡಿಕೆ ಹಾಕುತ್ತೀರಾ, ಎಷ್ಟು ವರ್ಷದಿಂದ, ಯಾವ ಕೆನ್ನೆಯಲ್ಲಿ ಇಟ್ಟುಕೊಳ್ಳುತ್ತೀರಿ? ಬಿ.ಪಿ. ಇದೆಯಾ, ಯಾವ ಮಾತ್ರೆ? ಸಕ್ಕರೆ ಕಾಯಿಲೆ, ಥೈರಾಯ್ಡ್? ಮಂಡಿನೋವಿಗೆ ಮಾತ್ರೆ ನುಂಗುತ್ತೀರಾ? ಮುಂಗೈ, ಕಣಕಾಲಿನಲ್ಲಿ ತುರಿಸುವ ನೇರಳೆ ಬಣ್ಣದ ಗುಳ್ಳೆ ಎದ್ದಿದ್ದವಾ? ಮನೆಯಲ್ಲಿ ಏನಾದರೂ ಚಿಂತೆ? ಕೊನೆಯ ಪ್ರಶ್ನೆಗೆ ಉತ್ತರ ಹೇಳಲು ಬಾಯಿ ಬರಲಿಲ್ಲ. ನಮ್ಮವರ ಕಾರ್ಖಾನೆಯಲ್ಲಿ ಕೆಲಸ ಉಳಿಯುತ್ತದೋ ಇಲ್ಲವೋ ಎಂದು ಮನೆಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡದ ದಿನಗಳವು.

“ಇದು ಲೈಕೆನ್ ಪ್ಲಾನಸ್ ಇರಬೇಕಮ್ಮಾ” ಎಂದರು ಮೇಡಂ. “ಆದರೆ ಕಣ್ಣಲ್ಲಿ ನೋಡಿ ಹೇಳಿದರೆ ಸಾಲದು, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸೋಣ.” ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಅಕ್ಕಿಕಾಳಿನಷ್ಟು ತುಣುಕು ತೆಗೆದು ಹೊಲಿಗೆ ಹಾಕಿದರು. ನೋವು ಹೇಳುವಂಥದ್ದೇನೂ ಇರಲಿಲ್ಲ. ರಿಪೋರ್ಟ್ ಬರುವತನಕದ ದಿನಗಳು ಮಾತ್ರ ಕಷ್ಟದವು. ಬಯಾಪ್ಸಿ ಅಂದರೆ ನಮ್ಮ ಕಡೆ ಜನಕ್ಕೆ ಗೊತ್ತಿರುವುದು ಒಂದೇ ಕಾಯಿಲೆ. ನಮ್ಮತ್ತೆ ಯಾರಿಗೂ ಹೇಳಬೇಡವೆಂದರು. ನಾನು ಹೇಳಿದೆ. ಮುಚ್ಚಿಟ್ಟರೆ ಊಹೆಗಳು ಕಾಯಿಲೆಗಿಂತ ಬೇಗ ಬೆಳೆಯುತ್ತವೆ.

ರಿಪೋರ್ಟ್ ಅವರು ಹೇಳಿದ್ದನ್ನೇ ಹೇಳಿತು. ನಮ್ಮ ದೇಹವನ್ನು ಕಾಯಬೇಕಾದ ಬಿಳಿರಕ್ತಕಣಗಳೇ ಬಾಯಿಯ ಒಳಪದರದ ಕೆಳಗೆ ಗುಂಪುಗೂಡಿ, ಆ ಪದರದ ಜೀವಕೋಶಗಳನ್ನು ಹಾಳು ಮಾಡುತ್ತವೆ. ಯಾಕೆ ಹೀಗೆ ತಿರುಗಿಬೀಳುತ್ತವೆ ಎಂಬುದಕ್ಕೆ ಇನ್ನೂ ಪೂರ್ತಿ ಉತ್ತರವಿಲ್ಲ. ಸೋಂಕಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಒಂದೇ ಲೋಟದಲ್ಲಿ ನೀರು ಕುಡಿದರೆ, ಮೊಮ್ಮಗುವಿಗೆ ಮುತ್ತು ಕೊಟ್ಟರೆ ಬರುವುದಿಲ್ಲ. ಸುಮಾರು ನೂರಕ್ಕೆ ಒಬ್ಬರಲ್ಲಿ ಇರುತ್ತದೆ, ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು, ಅದರಲ್ಲೂ ನಡುವಯಸ್ಸಿನವರಿಗೆ. ಲಂಡನ್ನಿನ ಚರ್ಮವೈದ್ಯ ಎರಾಸ್ಮಸ್ ವಿಲ್ಸನ್ 1869ರಲ್ಲೇ ಇದನ್ನು ಗುರುತಿಸಿ ಹೆಸರಿಟ್ಟ. ಆ ಬಿಳಿ ಗೆರೆಗಳನ್ನು 1895ರಲ್ಲಿ ವಿವರಿಸಿದ ಪ್ಯಾರಿಸ್ಸಿನ ವಿಕ್‌ಹ್ಯಾಮ್ ಹೆಸರಿನಿಂದಲೇ ಡಾಕ್ಟರುಗಳು ಇವತ್ತಿಗೂ ಅವನ್ನು ಕರೆಯುತ್ತಾರೆ. ಇಷ್ಟು ಹಳೆಯ ಕಾಯಿಲೆ, ಇಷ್ಟು ಜನರಿಗಿರುವ ಕಾಯಿಲೆ. ಆದರೂ ನನ್ನ ಸುತ್ತಲಿನ ಒಬ್ಬರೂ ಅದರ ಹೆಸರು ಕೇಳಿರಲಿಲ್ಲ ಎಂಬುದು ಈಗಲೂ ನನಗೆ ನೋವಿನ ವಿಷಯ.

“ಯಾವಾಗ ವಾಸಿಯಾಗುತ್ತೆ ಡಾಕ್ಟ್ರೇ?” ಎಂದು ಕೇಳಿದೆ. ಅವರು ಸುತ್ತಿಬಳಸಲಿಲ್ಲ. “ಬೇರು ಸಮೇತ ಹೋಗಲ್ಲಮ್ಮಾ. ಹತೋಟಿಯಲ್ಲಿ ಇಡಬಹುದು. ನಾನು ಅರ್ಧ ಮಾಡ್ತೀನಿ, ಉಳಿದರ್ಧ ನೀವು ಮನೇಲಿ ಮಾಡಬೇಕು.” ಆ ಉಳಿದರ್ಧದ ಬಗ್ಗೆಯೇ ನನಗೆ ಹೇಳಬೇಕಾಗಿರುವುದು.

ಮೊದಲು ಹಚ್ಚುವ ಔಷಧಿ. ಟ್ರಯಾಮ್ಸಿನೊಲೋನ್ ಎಂಬ ಸ್ಟಿರಾಯ್ಡ್ ಇರುವ ಅಂಟಂಟಾದ ಪೇಸ್ಟ್. ಪುಟ್ಟ ಟ್ಯೂಬು. ಅದನ್ನು ಹಚ್ಚುವುದು ಹೇಗೆಂದು ಆ ವಿದ್ಯಾರ್ಥಿನಿ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದಳು. ಊಟವಾದ ಮೇಲೆ, ಮಾತ್ರೆ ನೀರು ಎಲ್ಲ ಮುಗಿದ ಮೇಲೆ, ಬಾಯಿ ಮುಕ್ಕಳಿಸಬೇಕು. ಕನ್ನಡಿ ಮುಂದೆ ನಿಂತು, ಚಮಚದ ಹಿಡಿಯಿಂದ ಕೆನ್ನೆಯನ್ನು ಹೊರಗೆಳೆಯಬೇಕು. ಒಗೆದು ಕುದಿಸಿ ಒಣಗಿಸಿದ ಹಳೆಯ ಮಲ್ ಬಟ್ಟೆಯ ಚೂರಿನಿಂದ ಆ ಜಾಗದ ಎಂಜಲನ್ನು ಒತ್ತಿ ತೆಗೆಯಬೇಕು. ಒದ್ದೆಯಿದ್ದರೆ ಔಷಧಿ ನಿಲ್ಲುವುದಿಲ್ಲ. ಆಮೇಲೆ ಬೆರಳ ತುದಿಯಲ್ಲಿ ಸ್ವಲ್ಪವೇ ಪೇಸ್ಟ್ ತೆಗೆದು ಗಾಯದ ಮೇಲೆ ಒತ್ತಬೇಕು. ಇಲ್ಲೇ ಎಲ್ಲರೂ ತಪ್ಪುವುದಂತೆ. ಮುಲಾಮು ಅಂದಕೂಡಲೇ ಕೈ ತಾನಾಗಿ ಉಜ್ಜಲು ಹೋಗುತ್ತದೆ. ಉಜ್ಜಿದರೆ ಅದು ಮರಳು ಮರಳಾಗಿ ಉದುರುತ್ತದೆ. ಒತ್ತಿ ಬಿಟ್ಟರೆ ನುಣುಪಾದ ಪೊರೆಯಾಗಿ ಕೂರುತ್ತದೆ. ಆಮೇಲೆ ಅರ್ಧ ಗಂಟೆ ನೀರಿಲ್ಲ, ಮಾತಿಲ್ಲ. ರಾತ್ರಿ ಮಲಗುವ ಮುಂಚಿನದು ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಔಷಧಿ ಹೆಚ್ಚು ಹೊತ್ತು ಉಳಿಯುವುದು ಆಗಲೇ. ಮಗಳು ಬೆಂಗಳೂರಿನಿಂದ ಫೋನು ಮಾಡುವ ಸಮಯವನ್ನು ಊಟಕ್ಕೆ ಮುಂಚೆ ಬದಲಾಯಿಸಿಕೊಂಡಳು.

ಸ್ಟಿರಾಯ್ಡ್ ಎಂಬ ಹೆಸರಿಗೇ ನಮ್ಮ ಸಾಲಿನವರು ಹೆದರಿದರು. ಮೂಳೆ ಸವೆಯುತ್ತೆ, ಮುಖ ಊದುತ್ತೆ ಎಂದೆಲ್ಲ ಹೇಳಿದರು. ವರ್ಷಗಟ್ಟಲೆ ನುಂಗುವ ಮಾತ್ರೆಗೆ ಆ ಭಯ ಸರಿ. ಡಾಕ್ಟರು ಹೇಳಿದಷ್ಟು ದಿನ, ಹೇಳಿದ ಜಾಗಕ್ಕೆ ಹಚ್ಚುವ ಪೇಸ್ಟಿಗೆ ಅಷ್ಟು ಹೆದರಬೇಕಿಲ್ಲ. ನನಗೆ ನಿಜವಾಗಿ ಹೆದರಿಕೆಯಾಗುವುದು ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ಟ್ಯೂಬಿನ ಮೇಲೆ ಟ್ಯೂಬು ಕೊಂಡು, ವರ್ಷಾನುಗಟ್ಟಲೆ ಯಾರಿಗೂ ಬಾಯಿ ತೋರಿಸದೆ ಹಚ್ಚಿಕೊಳ್ಳುವವರನ್ನು ಕಂಡರೆ. ಈ ಪೇಸ್ಟ್ ಹಚ್ಚುವವರ ಬಾಯಲ್ಲಿ ಬೂಷ್ಟು ಬೆಳೆಯುವುದುಂಟು. ನನಗೂ ಬಂತು. ಉರಿ ಇದ್ದಕ್ಕಿದ್ದಂತೆ ಹೆಚ್ಚಾಯಿತು, ನಾಲಗೆಯ ಮೇಲೆ ಕೆನೆಯಂಥ ಬಿಳುಪು. ಬಟ್ಟೆಯಿಂದ ಒರೆಸಿದರೆ ಬಂತು. ನನ್ನ ಹಳೆಯ ಬಿಳಿ ಗೆರೆಗಳು ಎಷ್ಟು ಒರೆಸಿದರೂ ಹೋಗುವಂಥವಲ್ಲ, ಹಾಗಾಗಿ ಇದು ಬೇರೆಯೇ ಎಂದು ಗೊತ್ತಾಯಿತು. ಹೋಗಿ ತೋರಿಸಿದೆ, ಕ್ಲೋಟ್ರಿಮಜೋಲ್ ದ್ರಾವಣ ಕೊಟ್ಟರು, ಬೇಗ ಇಳಿಯಿತು. ಔಷಧಿ ಕೆಲಸ ಮಾಡುತ್ತಿಲ್ಲವೆಂದು ನಾನೇ ಇನ್ನಷ್ಟು ಪೇಸ್ಟ್ ಮೆತ್ತಿದ್ದರೆ ಬೂಷ್ಟಿಗೇ ಅನುಕೂಲವಾಗುತ್ತಿತ್ತು.

ಹಲ್ಲುಜ್ಜುವುದು ಎರಡನೆಯ ಪಾಠ. ಒಸಡು ಉರಿಯುವಾಗ ಬ್ರಷ್ ಮುಟ್ಟಲು ಯಾರಿಗೂ ಮನಸ್ಸು ಬರುವುದಿಲ್ಲ. ಬರೀ ಬೆರಳಲ್ಲಿ ತಿಕ್ಕಿ, ಬಾಯಿ ಮುಕ್ಕಳಿಸಿ ಏಳುತ್ತೇವೆ. ಆಗ ಹಲ್ಲಿನ ಬುಡದಲ್ಲಿ ಪಾಚಿ ಕಟ್ಟುತ್ತದೆ, ಪಾಚಿಗೆ ಒಸಡು ಇನ್ನಷ್ಟು ಬಾಯುತ್ತದೆ, ಬಾತ ಒಸಡಿಗೆ ಬ್ರಷ್ ಇನ್ನಷ್ಟು ನೋಯುತ್ತದೆ. ಈ ಸುತ್ತಿನಿಂದ ಹೊರಬರುವ ದಾರಿ ಒಂದೇ, ನೋವಾದರೂ ಮೃದುವಾಗಿ ಉಜ್ಜುವುದು. ಅತಿ ಮೃದು ಎಳೆಗಳ ಬ್ರಷ್ ತಂದು, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿಟ್ಟು ಇನ್ನಷ್ಟು ಮೆತ್ತಗೆ ಮಾಡಿಕೊಂಡೆ. ನೊರೆ ಹೆಚ್ಚು ಬರುವ ಪೇಸ್ಟನ್ನು ಬಿಡಿಸಿದರು. ನೊರೆಗಾಗಿ ಸೇರಿಸುವ ಸೋಡಿಯಂ ಲಾರಿಲ್ ಸಲ್ಫೇಟ್ ಹಸಿಗಾಯದ ಬಾಯಿಗೆ ಉರಿ ತರಿಸುತ್ತದೆ. ದಾಲ್ಚಿನ್ನಿಯ ಪರಿಮಳವೂ ಕೆಲವರಿಗೆ ಆಗುವುದಿಲ್ಲ. ಅತ್ತೆ ನಂಬಿದ್ದ ಇದ್ದಿಲಪುಡಿ ಉಪ್ಪೂ ಬೇಡವೆಂದರು. ಮುಕ್ಕಳಿಸಲು ಒಂದು ಲೋಟ ಬೆಚ್ಚನೆಯ ನೀರಿಗೆ ಅರ್ಧ ಚಮಚ ಉಪ್ಪು. ಆಲ್ಕೋಹಾಲ್ ಇರುವ ಮೌತ್‌ವಾಶ್ ಹತ್ತಿರವೂ ಬೇಡ. ಒಂದು ಒಡೆದ ಹಲ್ಲಿನ ಚೂಪು ಅಂಚು ಕೆನ್ನೆಗೆ ತಾಗುತ್ತಿತ್ತು, ಅದನ್ನು ಉಜ್ಜಿ ನಯ ಮಾಡಿದರು. ಬಿ.ಪಿ. ಮಾತ್ರೆಯ ವಿಷಯ ನಮ್ಮ ಫಿಸಿಶಿಯನ್ನರಿಗೆ ಪತ್ರ ಬರೆದುಕೊಟ್ಟರು. ಕೆಲವು ಬಿ.ಪಿ. ಮಾತ್ರೆ, ನೋವಿನ ಮಾತ್ರೆಗಳು ಇದೇ ಥರದ ಗೆರೆಗಳನ್ನು ಬಾಯಲ್ಲಿ ತರಬಲ್ಲವಂತೆ. ಫಿಸಿಶಿಯನ್ ಮಾತ್ರೆ ಬದಲಿಸಿದರು. ಅಂಥ ಮಾತ್ರೆಯನ್ನು ಯಾರೂ ತಾವಾಗಿ ನಿಲ್ಲಿಸಬಾರದೆಂದು ಇಬ್ಬರೂ ಡಾಕ್ಟರು ಒತ್ತಿ ಹೇಳಿದ್ದರು, ನಾನೂ ಒತ್ತಿಯೇ ಬರೆಯುತ್ತಿದ್ದೇನೆ.

ಇನ್ನು ಊಟ. ಕಾಯಿಲೆಯ ಹೆಸರು ಹೊರಬಿದ್ದ ಕೂಡಲೇ ಮನೆಮಂದಿ ನನಗಾಗಿ ಒಂದು ಪಟ್ಟಿ ಮಾಡಿಬಿಟ್ಟಿದ್ದರು. ಬದನೆಕಾಯಿ ನಂಜು, ಕೂಡದು. ಹಲಸಿನಹಣ್ಣು ಉಷ್ಣ, ಕೂಡದು. ಸಿಹಿಗುಂಬಳ, ಕಡಲೆಕಾಯಿ, ಮೊಸರು, ಬೆಲ್ಲ ಒಂದೂ ಕೂಡದು. ಉಳಿದದ್ದು ಗಂಜಿ, ಹಾಲು. ಒಂದಷ್ಟು ಕಾಲ ಹಾಗೇ ಬದುಕಿದೆ. ಮೈತೂಕ ಇಳಿಯಿತು, ಮೆಟ್ಟಿಲು ಹತ್ತಿದರೆ ಏದುಸಿರು. ರಕ್ತ ಪರೀಕ್ಷೆಯಲ್ಲಿ ಕಬ್ಬಿಣ, ಬಿ12 ಎರಡೂ ಕೆಳಗೆ. ಅವು ಕಡಿಮೆಯಾದರೆ ಬಾಯಿಯ ಉರಿ ಇನ್ನೂ ಹೆಚ್ಚುತ್ತದೆ. “ಯಾರ್ಯಾರೋ ಹೇಳಿದ ಪಥ್ಯ ಬಿಡಿ, ನಿಮ್ಮ ಬಾಯಿ ಏನು ಹೇಳುತ್ತೋ ಅದನ್ನ ಬರೆದಿಟ್ಟುಕೊಳ್ಳಿ” ಎಂದರು ಮೇಡಂ.

ಟೀಚರಿಗೆ ಬರೆಯುವುದೇನು ಕಷ್ಟ? ಶಾಲೆಯ ಹಳೆಯ ಡೈರಿಯೊಂದರಲ್ಲಿ ಶುರು ಮಾಡಿದೆ. ಬೆಳಿಗ್ಗೆ ಏನು ತಿಂದೆ, ಎಷ್ಟು ಬಿಸಿ ಇತ್ತು, ಉರಿ ಎಲ್ಲಿ, ಎಷ್ಟು ಹೊತ್ತು. ಪುಟಗಳು ತುಂಬುತ್ತ ಹೋದಂತೆ ಸತ್ಯ ಕಾಣಿಸಿಕೊಂಡಿತು. ಬದನೆಕಾಯಿ ನನಗೆ ಏನೂ ಮಾಡುತ್ತಿರಲಿಲ್ಲ. ಸುಟ್ಟ ಬದನೆಯನ್ನು ಮೆಣಸಿನಕಾಯಿ ಹಾಕದೆ ಮೊಸರಿನಲ್ಲಿ ಕಲಸಿ ತಿಂದ ದಿನ ಡೈರಿಯಲ್ಲಿ ‘ಉರಿ ಇಲ್ಲ’ ಎಂದಿದೆ. ಹಣ್ಣಾದ ಹಲಸೂ ಅಷ್ಟೆ. ಆದರೆ ಹಲಸಿನ ಹಪ್ಪಳ ಕೆನ್ನೆ ಗೀರುತ್ತಿತ್ತು. ಒಂದೇ ಮರದ ಕಾಯಿ, ತಪ್ಪು ಹಲಸಿನದ್ದಲ್ಲ, ಗರಿಗರಿಯಾದ ಅಂಚಿನದು. ಹುಳಿ ಮೊಸರು ಆಗುವುದಿಲ್ಲ, ಆಗತಾನೇ ಹೆಪ್ಪಾದ ಸಿಹಿ ಮೊಸರು ಆಗುತ್ತದೆ. ಟೊಮೆಟೊ, ಅನಾನಸ್, ಮುರುಗಲು ಪಾನಕ, ಒಣಮೆಣಸು, ಕರಿಮೆಣಸು ಆಗವು. ಪುದೀನ ಚಟ್ನಿ ತಂಪು ಎಂದೇ ಎಲ್ಲರೂ ಕೊಡುತ್ತಿದ್ದರು, ನನಗೆ ಅದೇ ದೊಡ್ಡ ವೈರಿ. ಕಾಫಿ ಬಿಡಬೇಕಾಗಿರಲಿಲ್ಲ, ಆರಿಸಿ ಕುಡಿದರೆ ಸಾಕಿತ್ತು.

ಆಗ ಅಡುಗೆಮನೆಯನ್ನು ನನ್ನ ಬಾಯಿಗೆ ಹೊಂದಿಸಿಕೊಂಡೆ. ಮಲೆನಾಡಿನವಳಾಗಿ ಹುಟ್ಟಿದ್ದು ಇಲ್ಲಿ ನನ್ನ ಕೈ ಹಿಡಿಯಿತು. ನಮ್ಮಲ್ಲಿ ತಂಬುಳಿ ಇದೆಯಲ್ಲ. ದೊಡ್ಡಪತ್ರೆಯೋ ಒಂದೆಲಗವೋ, ತುಪ್ಪದಲ್ಲಿ ಬಾಡಿಸಿ, ಜೀರಿಗೆ, ತೆಂಗಿನತುರಿ ಜೊತೆ ನುಣ್ಣಗೆ ರುಬ್ಬಿ, ಕಾಳುಮೆಣಸು ಬಿಟ್ಟು, ಸಿಹಿ ಮಜ್ಜಿಗೆಯಲ್ಲಿ ಕಲಸಿದರೆ ಅನ್ನ ತಾನಾಗಿ ಇಳಿಯುತ್ತದೆ. ಅಕ್ಕಿರೊಟ್ಟಿಯ ಜಾಗಕ್ಕೆ ಕಡುಬು ಬಂತು; ರೊಟ್ಟಿ ಮಾಡಿದ ದಿನ ಅಂಚು ಮುರಿದಿಟ್ಟು ನಡುವಿನ ಮೆತ್ತನೆಯದನ್ನು ತೊವ್ವೆಯಲ್ಲಿ ನೆನೆಸಿ ತಿನ್ನುತ್ತೇನೆ. ಸಾರಿಗೆ ಒಗ್ಗರಣೆ ಹಾಕುವ ಮುಂಚೆ ನನ್ನ ಪಾಲು ತೆಗೆದಿಟ್ಟು ಉಳಿದದ್ದಕ್ಕೆ ಖಾರ ಬೀಳುತ್ತದೆ. ಮನೆಮಂದಿಗೆಲ್ಲ ಸಪ್ಪೆ ಉಣಿಸುವ ಅಗತ್ಯ ಬರಲಿಲ್ಲ, ಎರಡು ಪಾತ್ರೆ ತೊಳೆಯುವ ಕೆಲಸ ಹೆಚ್ಚಾಯಿತು ಅಷ್ಟೆ. ಹೆಂಗಸಿಗೆ ಕಾಯಿಲೆ ಬಂದರೆ ತನಗಾಗಿ ಬೇರೆ ಅಡುಗೆ ಮಾಡಿಕೊಳ್ಳುವುದನ್ನು ದುಬಾರಿ ಆಸೆ ಎಂದು ಅವಳೇ ಭಾವಿಸುತ್ತಾಳೆ. ಉಳಿದವರ ಖಾರದ ಸಾರನ್ನೇ ಕಣ್ಣೀರು ಒರೆಸಿಕೊಂಡು ಉಣ್ಣುತ್ತಾಳೆ. ನಮ್ಮ ಕ್ವಾರ್ಟರ್ಸಿನಲ್ಲೇ ಅಂಥ ಇಬ್ಬರನ್ನು ಆಮೇಲೆ ಕಂಡೆ, ಕೈಹಿಡಿದು ಶಿವಮೊಗ್ಗಕ್ಕೆ ಕರೆದೊಯ್ದೆ.

ಎಲೆ ಅಡಿಕೆಯ ಮಾತು ಬಂದರೆ ನನ್ನ ಗಂಟಲು ಕಟ್ಟುತ್ತದೆ. ನನ್ನ ಓದಿಗೆ ಫೀಸು ಕಟ್ಟಿದ್ದು ಅಪ್ಪನ ತೋಟದ ಅಡಿಕೆ. ಶಿವಮೊಗ್ಗದ ಮಂಡಿಯಲ್ಲಿ ರಾಶಿ ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ನಮಗೆ ಹೊಸ ಬಟ್ಟೆ. ಊಟವಾದ ಮೇಲೆ ಅಮ್ಮನ ಎಲೆ ಅಡಿಕೆ ತಟ್ಟೆಯ ಸುತ್ತ ಕುಳಿತು ಕೇಳಿದ ಮಾತುಗಳೇ ನನ್ನ ಬಾಲ್ಯ. ಹೀಗಿದ್ದರೂ ಡಾಕ್ಟರು ಬಿಡಬೇಕೆಂದಾಗ ಬಿಟ್ಟೆ. ಅಡಿಕೆ, ಸುಣ್ಣ ಹಸಿ ಕೆನ್ನೆಗೆ ಆಗುವುದಿಲ್ಲ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಅದೇ ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಕುಳಿತಿತ್ತು. ಇನ್ನೂ ಮೀಸೆ ಸರಿಯಾಗಿ ಬಾರದ ಹುಡುಗ. ಗುಟ್ಕಾ ತಿಂದು ತಿಂದು ಅವನ ಕೆನ್ನೆ ಹಗ್ಗದಂತೆ ಬಿಗಿದು, ಬಾಯಿಗೆ ಎರಡು ಬೆರಳೂ ಹೋಗುತ್ತಿರಲಿಲ್ಲ. ತಾಯಿ ಇಡ್ಲಿಯನ್ನು ಪುಡಿ ಮಾಡಿ ಸಂದಿಯಲ್ಲಿ ತುರುಕುತ್ತಿದ್ದರು. ಅವನದು ಸಬ್‌ಮ್ಯೂಕಸ್ ಫೈಬ್ರೋಸಿಸ್. ನನ್ನ ಕಾಯಿಲೆಯೇ ಬೇರೆ, ಅದೇ ಬೇರೆ. ಅಡಿಕೆಯನ್ನೇ ಮುಟ್ಟದವರಿಗೂ ಲೈಕೆನ್ ಪ್ಲಾನಸ್ ಬರುತ್ತದೆ. ಅವನ ಕಾಯಿಲೆಗೆ ಮಾತ್ರ ಮೂಲ ಅಡಿಕೆಯೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2003ರಲ್ಲೇ, ತಂಬಾಕು ಸೇರದಿದ್ದರೂ ಅಡಿಕೆ ಕ್ಯಾನ್ಸರ್ ತರುತ್ತದೆ ಎಂದು ತೀರ್ಮಾನಿಸಿತ್ತು. ಕರ್ನಾಟಕ 2013ರಲ್ಲಿ ಗುಟ್ಕಾ ನಿಷೇಧಿಸಿತು. ಆಮೇಲೆ ಅಡಿಕೆಯ ಸ್ಯಾಶೆ ಒಂದು, ತಂಬಾಕಿನ ಸ್ಯಾಶೆ ಒಂದು, ಎರಡೂ ಬೇರೆ ಬೇರೆಯಾಗಿ ಗೂಡಂಗಡಿಯಲ್ಲಿ ತೂಗಾಡಿದವು. ಅಡಿಕೆ ಬೆಳೆದ ಮನೆಯ ಮಗಳಾಗಿಯೇ ಹೇಳುತ್ತೇನೆ: ನಮ್ಮ ತೋಟಗಳು ಉಳಿಯಬೇಕು, ಅದಕ್ಕೆ ಬೇರೆ ದಾರಿಗಳನ್ನು ಸರ್ಕಾರ, ಸಂಘಗಳು ಹುಡುಕಲೇಬೇಕು, ಆದರೆ ಆ ಹುಡುಗನ ಬಾಯಿಯನ್ನು ಕಂಡವರಾರೂ ಅಡಿಕೆ ನಿರುಪದ್ರವಿ ಎಂದು ವಾದಿಸಬಾರದು. ಮದುವೆಮನೆಯಲ್ಲಿ ತಾಂಬೂಲ ಕೊಟ್ಟರೆ ಕಣ್ಣಿಗೊತ್ತಿ ಚೀಲಕ್ಕೆ ಹಾಕಿಕೊಳ್ಳುತ್ತೇನೆ. ಯಾರೂ ಬೇಸರ ಮಾಡಿಕೊಂಡಿಲ್ಲ.

ಚಿಂತೆ ಹೆಚ್ಚಾದಾಗ ಗಾಯ ಕೆರಳುವುದನ್ನು ಡೈರಿ ಸ್ಪಷ್ಟವಾಗಿ ತೋರಿಸಿತು. ನಮ್ಮವರಿಗೆ ಕೆಲಸ ಬಿಟ್ಟು ಬರುವ ಕಾಗದ ಕೈಗೆ ಬಂದ ವಾರ, ಅತ್ತೆ ತೀರಿಕೊಂಡ ವಾರ, ಪುಟದ ತುಂಬ ‘ಉರಿ’. ಅತ್ತೆಯ ದಿನಗಳಲ್ಲಿ ನೀರೂ ಇಳಿಯದಾದಾಗ ಸ್ವಲ್ಪ ದಿನ ನುಂಗುವ ಸ್ಟಿರಾಯ್ಡ್ ಕೊಟ್ಟು, ಹಂತಹಂತವಾಗಿ ಇಳಿಸಿ ನಿಲ್ಲಿಸಿದರು. ಚಿಂತೆಯನ್ನು ಬಿಡು ಎಂದು ಹೇಳುವವರಿಗೆ ನನ್ನಲ್ಲಿ ಉತ್ತರವಿಲ್ಲ. ಚಿಂತೆಗೆ ಕಾರಣವಿರುವಾಗ ಬಿಡುವುದು ಹೇಗೆ? ನಾನು ಕಲಿತದ್ದು ಇಷ್ಟು: ಅಂಥ ವಾರ ಬರುತ್ತದೆಂದು ಗೊತ್ತಾದ ಕೂಡಲೇ ಊಟವನ್ನು ಇನ್ನಷ್ಟು ಮೆತ್ತಗೆ ಮಾಡುವುದು, ರಾತ್ರಿಯ ಪೇಸ್ಟ್ ತಪ್ಪಿಸದಿರುವುದು, ಸಂಜೆ ಭದ್ರಾ ದಂಡೆಯ ಕಡೆ ನಡೆದು ಬರುವುದು.

ಈ ಕಾಯಿಲೆಯಿಂದ ಕ್ಯಾನ್ಸರ್ ಬರುತ್ತದೆಯೇ ಎಂದು ಎಲ್ಲರೂ ಪಿಸುಗುಟ್ಟಿ ಕೇಳುತ್ತಾರೆ. ನಾನು ಗಟ್ಟಿಯಾಗಿಯೇ ಉತ್ತರಿಸುತ್ತೇನೆ. ಬಹುಪಾಲು ಜನರಿಗೆ ಬರುವುದಿಲ್ಲ. ನೂರರಲ್ಲಿ ಒಬ್ಬರ ಆಸುಪಾಸಿನಲ್ಲಿ, ಅದೂ ಅನೇಕ ವರ್ಷಗಳಲ್ಲಿ, ಗಾಯ ಆ ದಾರಿ ಹಿಡಿಯಬಹುದು. ತಂಬಾಕು, ಅಡಿಕೆ, ಕುಡಿತ ಸೇರಿದರೆ ಬಾಯಿಯ ಕ್ಯಾನ್ಸರಿನ ಭಯ ಮತ್ತೂ ಹೆಚ್ಚು. ಅದಕ್ಕಾಗಿಯೇ ಆರು ತಿಂಗಳಿಗೊಮ್ಮೆ ಬಾಯಿ ತೋರಿಸುವುದು. ಮನೆಯಲ್ಲಿ ತಿಂಗಳಿಗೊಮ್ಮೆ ನಾನೇ ಮೊಬೈಲ್ ಟಾರ್ಚ್ ಹಿಡಿದು ನೋಡಿಕೊಳ್ಳುತ್ತೇನೆ: ಎರಡು ಕೆನ್ನೆ, ತುಟಿಯ ಒಳಗೆ, ನಾಲಗೆ ಎತ್ತಿ ಅದರ ಕೆಳಗೆ, ಎರಡೂ ಅಂಚು. ಒಂದೇ ಕಡೆ ಗಟ್ಟಿಯಾದರೆ, ಎದ್ದು ನಿಂತರೆ, ಮಾಯದ ಹುಣ್ಣಾದರೆ ಮುಂದಿನ ತಾರೀಕಿಗೆ ಕಾಯದೆ ಹೋಗಬೇಕೆಂದು ಹೇಳಿಕೊಟ್ಟಿದ್ದಾರೆ. ಇದುವರೆಗೆ ಹಾಗಾಗಿಲ್ಲ.

ಗೆರೆಗಳು ಈಗಲೂ ಇವೆ. ವರ್ಷದಲ್ಲಿ ಹೆಚ್ಚಿನ ದಿನ ಅವು ಸುಮ್ಮನಿರುತ್ತವೆ. ಅಪ್ಪೆಹುಳಿ ನನಗಿಲ್ಲ, ಆದರೆ ಅದಕ್ಕೆ ಹಾಕುವ ಇಂಗು, ಸಾಸಿವೆಯ ಒಗ್ಗರಣೆಯನ್ನೇ ತೆಂಗಿನಹಾಲಿಗೆ ಹಾಕಿ ಉಣ್ಣುತ್ತೇನೆ. ನಿವೃತ್ತಿಯಾಗುವ ದಿನದವರೆಗೂ ತರಗತಿಯಲ್ಲಿ ಗಟ್ಟಿ ದನಿಯಲ್ಲೇ ಪಾಠ ಮಾಡಿದೆ.

ಇದನ್ನು ಓದುತ್ತಿರುವ ನಿಮ್ಮಲ್ಲಿ, ಅಥವಾ ನಿಮ್ಮ ಮನೆಯಲ್ಲಿ ಯಾರಿಗಾದರೂ ಎರಡು ವಾರ ಕಳೆದರೂ ಮಾಯದ ಹುಣ್ಣು, ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಸಾರು ಸೋಕಿದರೆ ಏಳುವ ಉರಿ ಇದ್ದರೆ ಉಷ್ಣವೆಂದು ಬಿಡಬೇಡಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ದಂತ ವಿಭಾಗಕ್ಕೋ, ಹತ್ತಿರದ ದಂತ ಕಾಲೇಜಿಗೋ ಹೋಗಿ ಬಾಯಿ ತೆರೆದು ತೋರಿಸಿ. ಹೋಗುವಾಗ ನೀವು ನುಂಗುವ ಎಲ್ಲ ಮಾತ್ರೆಗಳ ಪಟ್ಟಿಯನ್ನೂ ಒಯ್ಯಿರಿ.